ನಿಮ್ಮ ಹಿತ್ತಲ ಮರದಲ್ಲಿರುವುದು ಯಾವ ಗೂಬೆ?



ಹದಿನೈದು ದಿನಕ್ಕೊಮ್ಮೆ ನಿಮ್ಮ ಕಾಗದಗಳ ಕಟ್ಟು ಬಿಚ್ಚಿದರೆ ನನಗೆ ಸಾಮಾನ್ಯವಾಗಿ ಸಿಗುವುದು ಉಪ್ಪಿನಕಾಯಿಗೆ ಬೂಷ್ಟು ಹಿಡಿದ ದೂರು, ಮಗು ಅನ್ನ ಮುಟ್ಟುವುದಿಲ್ಲವೆಂಬ ಚಿಂತೆ, ಕೂದಲು ಉದುರುವ ಸಂಕಟ. ಈ ಸಲ ಮುಳಬಾಗಿಲು ಕಡೆಯಿಂದ ಬಂದ ಒಂದು ಕಾಗದ ಬೇರೆ ಥರದ್ದು. ಬರೆದಾಕೆ ಮದುವೆಯಾಗಿ ಎಂಟು ತಿಂಗಳಾದ ಹೆಣ್ಣುಮಗಳು. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ.

ಮನೆ ಹಳೆಯ ಕಾಲದ್ದಂತೆ. ಹಿಂದುಗಡೆ ರಾಗಿ ಮೂಟೆ ಇಡುವ ಕೋಣೆ, ಅದರ ಮೇಲೆ ಅಟ್ಟ, ಅಟ್ಟದ ಗೋಡೆಯಲ್ಲಿ ಒಂದು ಕಿಂಡಿ. ಇಪ್ಪತ್ತು ದಿನದಿಂದ ಕತ್ತಲಾದರೆ ಸಾಕು, ಆ ಕಿಂಡಿಯಿಂದ ಹಾವು ಬುಸುಗುಟ್ಟಿದ ಹಾಗೆ ಸದ್ದು. ನಡುನಡುವೆ ವಯಸ್ಸಾದವರು ಗೊರಕೆ ಹೊಡೆದ ಹಾಗೆ. ಒಂದು ರಾತ್ರಿ ಬಚ್ಚಲಿಗೆ ಹೋಗಿ ಬರುವಾಗ ಬೆಳ್ಳಗಿನದೇನೋ ಒಂದು ಸದ್ದೇ ಇಲ್ಲದೆ ತಲೆಯ ಮೇಲೆ ಹಾದುಹೋಯಿತಂತೆ. "ಗೂಬೆ ಮನೆ ಹೊಕ್ಕೈತೆ, ಮನೆ ಖಾಲಿ ಮಾಡಬೇಕು, ಇಲ್ಲದಿದ್ರೆ ಶಾಂತಿ ಮಾಡಿಸಬೇಕು" ಅಂತ ಅತ್ತೆಯವರು ಕೂತಿದ್ದಾರೆ. ಅದೇ ಹೊತ್ತಿಗೆ ಮಾವನವರಿಗೆ ಜ್ವರ ಬಂದು ಎದ್ದಿದ್ದಾರೆ. ಬಿಂದಿಗೆ ಹಿಡಿದು ಬಂದ ಪಕ್ಕದ ಮನೆಯವರು, "ಹೊಸ ಸೊಸೆ ಕಾಲಿಟ್ಟ ಮೇಲೇನೇ ಅಲ್ವಾ ಇದು ಬಂದಿದ್ದು?" ಅಂದುಹೋಗಿದ್ದಾರೆ. ಇಷ್ಟರ ಮಧ್ಯೆ ಯಾರೋ ಒಬ್ಬಾತ ಬಂದು, "ನಾನು ಹಿಡ್ಕೊಂಡು ಹೋಗ್ತೀನಿ, ದುಡ್ಡೇನೂ ಬೇಡ" ಎಂದು ಹೇಳಿ, ಅಮಾವಾಸ್ಯೆಗೆ ಮುಂಚೆ ಬರುತ್ತೇನೆ ಅಂದಿದ್ದಾನೆ. "ಹಿಡಿಸಲೇ ಅಕ್ಕಾ, ಏನು ಮಾಡಲಿ?" ಎಂದು ಕೇಳಿದ್ದಾಳೆ.

ತಂಗೀ, ಹಿಡಿಸಬೇಡ. ಆತನಿಗೆ ಬಾಗಿಲು ತೆಗೆಯಬೇಡ. ಯಾಕೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಿನ್ನ ಅಟ್ಟದಲ್ಲಿರುವುದು ಯಾರೆಂದು ತಿಳಿಯೋಣ.

ಮಾಡಿದವರು ಯಾರೋ, ತಪ್ಪು ಹೊರಿಸುವುದು ಇನ್ನಾರ ಮೇಲೋ ಆದರೆ, ನಾವು "ನನ್ನ ಮೇಲೆ ಗೂಬೆ ಕೂರಿಸಬೇಡ" ಅನ್ನುತ್ತೇವಲ್ಲ, ಈ ಹುಡುಗಿಯ ಪಾಲಿಗೆ ಆ ಮಾತು ಅಕ್ಷರಶಃ ನಿಜವಾಗಿದೆ ನೋಡಿ. ಆದರೆ ಗೂಬೆ ಅಂದರೆ ಒಂದೇ ಹಕ್ಕಿಯಲ್ಲ. ನಮ್ಮ ಕೋಲಾರದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಎಲ್ಲವನ್ನೂ ಸೇರಿಸಿ ಗುಡ್ಲಗೂಬ ಅಂದುಬಿಡುತ್ತಾರೆ, ಕನ್ನಡದಲ್ಲಿ ಗೂಬೆ ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಅವರೆಕಾಯಿ, ತೊಗರಿಕಾಯಿ, ಅಲಸಂದೆಕಾಯಿ ಎಲ್ಲಕ್ಕೂ "ಕಾಯಿ" ಅಂದರೆ ಸಾರು ಮಾಡಲಾಗುತ್ತದೆಯೆ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಮನೆಯಲ್ಲಿದ್ದುಕೊಂಡೇ ಗುರುತು ಹಿಡಿಯಬಹುದಾದ ಗೂಬೆಗಳು ನಾಲ್ಕೈದು ಇವೆ. ಒಂದೊಂದರ ದನಿ ಬೇರೆ, ಮುಖ ಬೇರೆ, ಊಟ ಬೇರೆ.

ರಾತ್ರಿಯ ಹಕ್ಕಿಯನ್ನು ಮೊದಲು ಹಿಡಿಯುವುದು ಕಣ್ಣಲ್ಲ, ಕಿವಿ. ಪಾತ್ರೆ ತೊಳೆದು, ಟಿ.ವಿ. ಆರಿಸಿ, ತಾರಸಿಯ ಮೇಲೆ ಒಂದು ಚಾಪೆ ಹಾಸಿ ಕಾಲು ಗಂಟೆ ಸುಮ್ಮನೆ ಕೂತರೆ ಸಾಕು. ಹೊಲ, ಬೆಟ್ಟ ಅಂತ ಒಬ್ಬೊಬ್ಬರೇ ಕತ್ತಲಲ್ಲಿ ಹೋಗಬೇಕಾಗಿಲ್ಲ, ಹೋಗಲೂಬೇಡಿ. ಹೊತ್ತು ಮುಳುಗಿದ ಮೇಲಿನ ಮೊದಲ ಒಂದು ಗಂಟೆ, ಮತ್ತೆ ಬೆಳಗಿನ ಜಾವ ನೀವು ಬಾಗಿಲಿಗೆ ನೀರು ಹಾಕಲು ಏಳುವುದಕ್ಕೆ ಮುಂಚಿನ ಹೊತ್ತು, ಇವೆರಡೂ ಒಳ್ಳೆಯ ಸಮಯ. ಬೆಳದಿಂಗಳಿದ್ದರೆ ಇನ್ನೂ ಅನುಕೂಲ.

ನೀವು ಮೊದಲು ಕೇಳುವುದು ಹೆಚ್ಚುಕಡಿಮೆ ಹಾಲಕ್ಕಿಯನ್ನೇ. ಚೀ-ಚೀ-ಚೀ, ಚಿವಕ್-ಚಿವಕ್, ಚಿರ್‌ರ್ ಎಂದು ಎರಡು ಮೂರು ಒಟ್ಟಿಗೆ ಜಗಳಕ್ಕೆ ಬಿದ್ದ ಹಾಗೆ ಗಲಾಟೆ. ನೀರು ಹಿಡಿಯುವಲ್ಲಿ ಸರದಿಗಾಗಿ ಕಿತ್ತಾಡುವ ಹಾಗಿರುತ್ತದೆ. ಗೊರವಂಕಕ್ಕಿಂತ ಉದ್ದದಲ್ಲಿ ಕೊಂಚ ಚಿಕ್ಕದು, ಆದರೆ ಗುಂಡಗೆ. ಕಂದು ಮೈ, ಮೈತುಂಬಾ ರಂಗೋಲಿಯ ಚುಕ್ಕಿ ಇಟ್ಟಂತೆ ಬಿಳಿ ಚುಕ್ಕೆಗಳು, ಹಳದಿ ಕಣ್ಣು, ಕಣ್ಣಿನ ಮೇಲೆ ಬಿಳಿ ಹುಬ್ಬು. ಬೇವು, ಹೊಂಗೆ, ಹುಣಿಸೆ ಮರದ ಪೊಟರೆಯಲ್ಲಿ ಗಂಡಹೆಂಡತಿ ಜೋಡಿಯಾಗಿ ವಾಸ. ಹಗಲಲ್ಲೂ ಪೊಟರೆಯ ಬಾಯಿಗೆ ಬಂದು ಬಿಸಿಲು ಕಾಯುತ್ತವೆ. ನೀವು ದಿಟ್ಟಿಸಿದರೆ ಅವೂ ದಿಟ್ಟಿಸುತ್ತವೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ, "ಏನು?" ಅಂತ ಕೇಳುವ ಹಾಗೆ ಮಾಡುತ್ತವೆ. ಹಗಲು ಗೂಬೆಗೆ ಕಣ್ಣು ಕಾಣಿಸುವುದಿಲ್ಲ ಅನ್ನುವುದು ಬರೀ ಮಾತು, ಚೆನ್ನಾಗಿಯೇ ಕಾಣಿಸುತ್ತದೆ.

ಹಾಲಕ್ಕಿ ನೋಡಲು ನಮ್ಮ ಸೀಮೆಯಲ್ಲಿ ಅವರೆಕಾಯಿ ಕಾಲವೇ ಸರಿಯಾದ ಕಾಲ. ಮಾಗಿಯ ಸಂಜೆ ಅಂಗಳದಲ್ಲಿ ಕೂತು, ನೆನೆಸಿಟ್ಟ ಅವರೆಕಾಳು ಹಿತುಕುತ್ತಾ ಇರುತ್ತೀರಲ್ಲ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರಲಿ, ಕಣ್ಣು ಬೀದಿ ದೀಪದ ಕಂಬದ ಮೇಲಿರಲಿ. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಹಾಲಕ್ಕಿ ಬರುತ್ತದೆ. ತಂತಿಯ ಮೇಲಿಂದ ದುಪ್ಪನೆ ನೆಲಕ್ಕಿಳಿದು, ಜೀರುಂಡೆ ಹಿಡಿದು, ಮತ್ತೆ ತಂತಿಗೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅವಕ್ಕೆ ಬಾಣಂತನದ ಕಾಲ. ಮೂರ್ನಾಲ್ಕು ಮರಿಗಳ ಹೊಟ್ಟೆ ತುಂಬಿಸಬೇಕಾಗಿ ಹಗಲುಹೊತ್ತು ಜಾರುವ ಮುಂಚೆಯೇ ಕೆಲಸಕ್ಕೆ ಹೊರಡುತ್ತವೆ.

"ಕಾಯಿಲೆ ಮಲಗಿದವರ ಮನೆ ಮುಂದೆ ಗೂಬೆ ಕೂಗಿತು, ಮೂರು ದಿನಕ್ಕೆ ಹೋಗಿಬಿಟ್ಟರು" ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಕೊಂಚ ಯೋಚಿಸಿ. ಊರೆಲ್ಲ ದೀಪ ಆರಿಸಿ ಮಲಗಿದಾಗ, ರಾತ್ರಿಯಿಡೀ ದೀಪ ಉರಿಯುವುದು ಯಾರ ಮನೆಯಲ್ಲಿ? ಕಾಯಿಲೆಯವರ ಮನೆಯಲ್ಲಿ. ಹುಳಗಳು ಸೇರುವುದು ಅಲ್ಲಿ, ಹಾಲಕ್ಕಿ ಬರುವುದು ಅಲ್ಲಿಗೆ. ಅದರ ಕೂಗು ಕೇಳುವಂತೆ ಎಚ್ಚರವಾಗಿರುವ ಜನರೂ ಅದೇ ಮನೆಯಲ್ಲಿ. ಚೆನ್ನಾಗಿರುವವರ ಮನೆ ಮುಂದೆಯೂ ಅದು ಮುನ್ನೂರು ರಾತ್ರಿ ಕೂಗಿರುತ್ತದೆ, ನಾವು ಹೊದ್ದು ಮಲಗಿರುತ್ತೇವೆ.

ಇನ್ನೊಂದು ತಮಾಷೆ ಕೇಳಿ. ಬೆಳಗಿನ ಜಾವ ಬುಡಬುಡಿಕೆಯವನು ಬಾಗಿಲಿಗೆ ಬಂದು, ಹಾಲಕ್ಕಿ ಶುಭ ನುಡಿದಿದೆ, ಮನೆಗೆ ಭಾಗ್ಯ ಬರುತ್ತದೆ ಅನ್ನುತ್ತಾನೆ. ನಾವು ಮೊರದಲ್ಲಿ ಅಕ್ಕಿಯೋ ರಾಗಿಯೋ ತಂದು ಜೋಳಿಗೆಗೆ ಹಾಕುತ್ತೇವೆ, ಹಳೆಯ ಪಂಚೆ ಇದ್ದರೆ ಕೊಡುತ್ತೇವೆ. ಅವನು ಹೇಳುವ ಹಾಲಕ್ಕಿ ಇದೇ ಪುಟ್ಟ ಗೂಬೆ! ಅವನ ಬಾಯಲ್ಲಿ ನುಡಿದರೆ ಶುಭ, ಅದೇ ಬಂದು ನಮ್ಮ ನುಗ್ಗೆಮರದಲ್ಲಿ ಕೂತು ನುಡಿದರೆ ಅಪಶಕುನ. ಎಲ್ಲಿಯ ನ್ಯಾಯ ಹೇಳಿ.

ಗುರುತು ಹಿಡಿಯುವುದರಲ್ಲಿ ಏನಿದೆ ಮಹಾ, ಎಂದು ಕೇಳುವವರಿಗೆ ಈ ಹಾಲಕ್ಕಿಯ ದಾಯಾದಿಯೊಬ್ಬನ ಕಥೆ ಹೇಳಬೇಕು. ಮಧ್ಯ ಇಂಡಿಯಾದ ಕಾಡುಗಳಲ್ಲಿ ಹಾಲಕ್ಕಿಯಂತೆಯೇ ಕಾಣುವ ಇನ್ನೊಂದು ಗೂಬೆಯಿದೆ, ತಲೆಯ ಮೇಲೆ ಮಾತ್ರ ಚುಕ್ಕೆಗಳು ಇಲ್ಲವೆನ್ನುವಷ್ಟು ಮಸುಕು. 1884ರ ನಂತರ ಅದನ್ನು ಕಂಡವರೇ ಇರಲಿಲ್ಲ. 1914ರಲ್ಲಿ ಗುಜರಾತಿನಲ್ಲಿ ಹೊಡೆದೆನೆಂದು ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಎಂಬ ಇಂಗ್ಲಿಷ್ ಕರ್ನಲ್ ಒಂದು ಹಕ್ಕಿಯ ಚರ್ಮ ತೋರಿಸಿದ್ದ, ಜನ ದಶಕಗಟ್ಟಲೆ ಅಲ್ಲೆಲ್ಲ ಹುಡುಕಿದರು. ಅಮೆರಿಕದ ಪಮೇಲಾ ರಾಸ್ಮುಸೆನ್ ಎಂಬ ಹೆಣ್ಣುಮಗಳು ಮ್ಯೂಸಿಯಮ್ಮಿನಲ್ಲಿ ಕೂತು, ಹೊಲಿಗೆ, ಹತ್ತಿ ಎಲ್ಲವನ್ನೂ ಪರೀಕ್ಷಿಸಿ, ಅದು ಬೇರೆಯವರು ಹಿಂದೆಯೇ ಸಂಗ್ರಹಿಸಿದ್ದ ಹಕ್ಕಿಯನ್ನು ಕದ್ದು, ಬಿಚ್ಚಿ, ಮತ್ತೆ ತುಂಬಿಸಿ ಹೊಲಿದದ್ದೆಂದು ಕಂಡುಹಿಡಿದಳು. ಹಾಗಾದರೆ ಹುಡುಕಬೇಕಾದ ಜಾಗ ಗುಜರಾತಲ್ಲ ಎಂದು ಹೊರಟು, 1997ರ ನವೆಂಬರಿನಲ್ಲಿ ಸಂಗಡಿಗರೊಂದಿಗೆ ಮಹಾರಾಷ್ಟ್ರದ ಶಹಾದಾ ಹತ್ತಿರದ ಕಾಡಿನಲ್ಲಿ ಆ ಗೂಬೆಯನ್ನು ಜೀವಂತವಾಗಿ ಕಂಡಳು. 113 ವರ್ಷದ ಮೇಲೆ! ಹೊಲಿಗೆ ನೋಡಿ ಕಳ್ಳನನ್ನು ಹಿಡಿದದ್ದು ನನಗಂತೂ ಬಹಳ ಹಿಡಿಸಿತು.

ಈಗ ಮುಳಬಾಗಿಲಿನ ಅಟ್ಟಕ್ಕೆ ಬರೋಣ. ಹಾವಿನ ಬುಸುಗು, ಗೊರಕೆ, ಬೆಳ್ಳಗಿನ ಮೈ, ಸದ್ದಿಲ್ಲದ ರೆಕ್ಕೆ. ಇದು ಕಣಜಗೂಬೆ, ಅನುಮಾನವೇ ಬೇಡ. ಬುಸುಗುಡುವುದು ದೊಡ್ಡದಲ್ಲ, ಮರಿಗಳು. ಹಸಿವಾದಾಗ ಗೊರಕೆಯ ಸದ್ದು, ಹೆದರಿದಾಗ ಹಾವಿನ ಸದ್ದು. ತಾಯಿಗೂಬೆ ನಾಲ್ಕರಿಂದ ಏಳು ಮೊಟ್ಟೆಯಿಡುತ್ತದೆ. ಮೊದಲ ಮೊಟ್ಟೆಯಿಂದಲೇ ಕಾವಿಗೆ ಕೂರುವುದರಿಂದ ಮರಿಗಳೂ ಒಂದೊಂದಾಗಿ ಒಡೆದು ಬರುತ್ತವೆ. ಒಂದೇ ಗೂಡಿನಲ್ಲಿ ದೊಡ್ಡಣ್ಣ, ಚಿಕ್ಕಣ್ಣ, ಪುಟ್ಟ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೂತಿರುತ್ತವೆ. ಗೂಡು ಅಂದೆ, ಗೂಡೇನೂ ಕಟ್ಟುವುದಿಲ್ಲ, ಬರಿಯ ನೆಲವೇ ಹಾಸಿಗೆ.

ಕಾಗೆಯಷ್ಟು ದೊಡ್ಡ ಹಕ್ಕಿ. ಮುಖ ವೀಳ್ಯದೆಲೆಯ ಆಕಾರದ ಬಿಳಿ ತಟ್ಟೆ, ಅದರಲ್ಲಿ ಎರಡು ಕಪ್ಪು ಕಣ್ಣು. ಬೆನ್ನು ಚಿನ್ನದ ಬಣ್ಣಕ್ಕೆ ಬೂದಿ ಉದುರಿಸಿದಂತೆ, ಹೊಟ್ಟೆ ಬಿಳುಪು, ಕಾಲು ಉದ್ದ. "ಊ" ಎಂದು ಕೂಗುವ ಗೂಬೆಯೇ ಅಲ್ಲ ಇದು, ಕರ್ಕಶವಾಗಿ ಕಿರುಚುತ್ತದೆ. ಕೆಳಗಿನಿಂದ ದೀಪದ ಬೆಳಕು ಬಿದ್ದಾಗ ಬಿಳಿ ಸೀರೆ ಹಾರಿದ ಹಾಗೆ ಕಾಣುವುದರಿಂದ ದೆವ್ವದ ಕಥೆ ಹುಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ. ಹಾರುವಾಗ ಸದ್ದಿಲ್ಲದಿರುವುದಕ್ಕೆ ಮಂತ್ರವೇನೂ ಬೇಕಿಲ್ಲ. ರೆಕ್ಕೆಯ ಮುಂಚೂಣಿಯ ಗರಿಗೆ ಬಾಚಣಿಗೆಯ ಹಲ್ಲಿನಂಥ ಅಂಚಿದೆ, ಗರಿಯ ಮೇಲೆ ಮಖಮಲ್ಲಿನಂಥ ನವಿರಿದೆ. ಇದು ಗಾಳಿಯ ಸದ್ದನ್ನು ನುಂಗಿಬಿಡುತ್ತದೆ. ಕಿವಿಗಳು ಒಂದು ಮೇಲೆ, ಒಂದು ಕೆಳಗೆ. ಹಾಗಾಗಿ ಕಗ್ಗತ್ತಲಲ್ಲೂ ಹುಲ್ಲಿನಡಿಯ ಇಲಿ ಎಷ್ಟು ದೂರ, ಯಾವ ಮೂಲೆ ಎಂದು ಕಿವಿಯಿಂದಲೇ ಅಳೆದು ಹಿಡಿಯುತ್ತದೆ. ಕಣ್ಣುಗುಡ್ಡೆ ಹೊರಳಿಸಲು ಬರುವುದಿಲ್ಲವಾದ್ದರಿಂದ ಕತ್ತನ್ನೇ ಮುಕ್ಕಾಲು ಸುತ್ತು ತಿರುಗಿಸುತ್ತದೆ. ನಮ್ಮ ಕತ್ತಿನಲ್ಲಿ 7 ಮೂಳೆ, ಅದಕ್ಕೆ 14.

ತಂಗೀ, ಈ ಹಕ್ಕಿ ನಿನ್ನ ಕಾಲ್ಗುಣಕ್ಕೆ ಬಂದದ್ದಲ್ಲ. ನಿಮ್ಮ ರಾಗಿ ಮೂಟೆಗೆ ಇಲಿ ಬಂತು, ಇಲಿಗೆ ಗೂಬೆ ಬಂತು. ಕಿಂಡಿಯ ಕೆಳಗೆ ನೆಲ ನೋಡು, ಹೆಬ್ಬೆರಳು ಗಾತ್ರದ ಕರಿ ಉಂಡೆಗಳು ಬಿದ್ದಿರುತ್ತವೆ. ಅದು ಹೇಲಲ್ಲ, ನುಂಗಿದ ಇಲಿಯ ಕೂದಲು ಮೂಳೆಗಳನ್ನು ಗೂಬೆ ಮುದ್ದೆ ಕಟ್ಟಿ ಬಾಯಿಂದ ಹೊರಹಾಕಿದ್ದು. ಒಂದು ಉಂಡೆಯನ್ನು ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಎರಡು ಮೂರು ತಲೆಬುರುಡೆ ಸಿಗುತ್ತದೆ, ಹಲ್ಲಿನ ಸಮೇತ. ದಿನಕ್ಕೆ ಒಂದೋ ಎರಡೋ ಉಂಡೆ ಅಂತ ಲೆಕ್ಕ ಹಾಕಿದರೆ ಅದು ಬಂದು ಎಷ್ಟು ದಿನವಾಯಿತೆಂದೂ ಸುಮಾರಾಗಿ ತಿಳಿಯುತ್ತದೆ. ಕಣಜಗೂಬೆ ಹಿಡಿಸಿದ ಜಾಗಕ್ಕೆ ವರ್ಷವರ್ಷವೂ ಬರುವ ಹಕ್ಕಿ. ಹಳೆಯ ಪುಡಿಯಾದ ಉಂಡೆಗಳ ರಾಶಿ ಇದ್ದರೆ ನೀನು ಸೆರಗು ಹೊದ್ದು ಆ ಹೊಸ್ತಿಲು ದಾಟುವುದಕ್ಕೆ ಮುಂಚಿನಿಂದಲೂ ಅದು ಅಲ್ಲಿದೆ ಅಂತಲೇ ಅರ್ಥ. ಪಕ್ಕದ ಮನೆಯವರಿಗೆ ಅದನ್ನೇ ತೋರಿಸು. (ಉಂಡೆ, ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಡಿಸಬೇಕು, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಒಣ ಧೂಳು ಎಬ್ಬಿಸಬಾರದು.)

ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡ. ವಯಸ್ಸಾದವರ ಹೆದರಿಕೆ ವಾದದಿಂದ ಹೋಗುವುದಿಲ್ಲ. ಒಂದು ಸಂಜೆ ಅವರನ್ನೇ ಕರೆದುಕೊಂಡು ಹಿತ್ತಲಲ್ಲಿ ದೂರದಲ್ಲಿ ಕೂರಿಸಿ, ಕಿಂಡಿಗೆ ಇಲಿ ಕಚ್ಚಿಕೊಂಡು ಬರುವ ತಾಯಿಯನ್ನು ತೋರಿಸು. ಒಂದು ರಾತ್ರಿಗೆ ಎಷ್ಟು ಸಲ ಬರುತ್ತದೆಂದು ಅವರೇ ಎಣಿಸಲಿ. ಬಂಗಾಳದಲ್ಲಿ ಲಕ್ಷ್ಮೀ ಪೂಜೆಯ ದಿನ ದೇವಿಯ ಪಕ್ಕದಲ್ಲಿ ಬಿಳಿ ಗೂಬೆಯನ್ನು ಇಡುತ್ತಾರೆ, ಲಕ್ಷ್ಮಿಯ ವಾಹನ ಅದು. ಇದೇ ಕಣಜಗೂಬೆಯನ್ನು ಅಲ್ಲಿಯ ಮನೆಯವರು ಲಕ್ಷ್ಮೀಗೂಬೆ ಎಂದು ಕರೆದು, ಮನೆಗೆ ಬಂದರೆ ಭಾಗ್ಯವೆಂದು ಓಡಿಸದೆ ಬಿಡುತ್ತಾರೆ. ವರಮಹಾಲಕ್ಷ್ಮಿಗೆ ಸೀರೆ ಉಡಿಸಿ ಕಳಶ ಇಡುವ ನಿಮ್ಮ ಅತ್ತೆಯವರಿಗೆ ಈ ಮಾತು ಹಿಡಿಸಬಹುದು. ಕಣಜ ಕಾಯುವವಳು ಲಕ್ಷ್ಮಿ ಅಲ್ಲದೆ ಇನ್ನಾರು?

ಇಷ್ಟಾದರೂ ಮನೆಯೊಳಗೆ ಬೇಡವೇ ಬೇಡ ಅಂದರೆ ಅದಕ್ಕೂ ದಾರಿಯಿದೆ. ಮರಿಗಳು ಮೊಟ್ಟೆಯೊಡೆದ ಸುಮಾರು ಎರಡು ತಿಂಗಳಿಗೆ ಹಾರಿಹೋಗುತ್ತವೆ. ಅಲ್ಲಿಯವರೆಗೆ ತಾಳಿ. ಎಲ್ಲವೂ ಹೋದವೆಂದು ಖಾತ್ರಿಯಾದ ಮೇಲೆ, ಒಳಗೆ ಏನೂ ಉಳಿದಿಲ್ಲವೆಂದು ನೋಡಿಕೊಂಡು, ಕಿಂಡಿಗೆ ತಂತಿ ಜಾಲರಿ ಹೊಡೆಸಿ. ಮಾವನವರ ಜ್ವರಕ್ಕೆ ಡಾಕ್ಟರ ಔಷಧಿ ಕೊಡಿಸಿದ್ದೀರಿ, ಎದ್ದಿದ್ದಾರೆ. ಅದನ್ನೂ ಗೂಬೆಯ ಲೆಕ್ಕಕ್ಕೆ ಬರೆಯುವುದು ಬೇಡ.

ಇಲಿ ಹಿಡಿಯುವ ಇದರ ಕೆಲಸಕ್ಕೆ ಹೊರದೇಶಗಳಲ್ಲಿ ಸಂಬಳ ಕೊಡದ ಹುದ್ದೆಯೇ ಇದೆ ಅನ್ನಬೇಕು. ಮಲೇಶಿಯಾದ ಎಣ್ಣೆತಾಳೆ ತೋಟಗಳಲ್ಲಿ, 1980ರ ದಶಕದಿಂದ ಇಸ್ರೇಲಿನ ಹೊಲಗಳಲ್ಲಿ, ಕಂಬದ ಮೇಲೆ ಮರದ ಪೆಟ್ಟಿಗೆ ಕಟ್ಟಿ ಕಣಜಗೂಬೆಯನ್ನು ಕರೆದು ಕೂರಿಸುತ್ತಾರೆ. ನಾವು ಬಂದದ್ದನ್ನು ಓಡಿಸಿ, ಪೇಟೆಯಿಂದ ಇಲಿ ಪಾಷಾಣ ತರುತ್ತೇವೆ. ಪಾಷಾಣ ತಿಂದು ತೂರಾಡುವ ಇಲಿಯನ್ನು ಗೂಬೆ ಸುಲಭವಾಗಿ ಹಿಡಿಯುತ್ತದೆ, ವಿಷ ಅದಕ್ಕೂ ಏರುತ್ತದೆ. ಗೂಬೆ ಇರುವ ಮನೆಯಲ್ಲಿ ಇಲಿಬೋನೇ ಲೇಸು.

ಉಳಿದ ಗೂಬೆಗಳನ್ನು ಬೇಗ ಹೇಳಿಬಿಡುತ್ತೇನೆ.

ಅಂತರಗಂಗೆ, ಮುಳಬಾಗಿಲಿನ ಬೆಟ್ಟ, ಆವಣಿ, ಇಂಥ ಬಂಡೆಗುಡ್ಡಗಳ ಬುಡದ ಊರಿನವರು ಮುಸ್ಸಂಜೆ ಬೂ-ಬೋ ಎಂದು ಗಂಭೀರವಾದ ಎರಡು ಸ್ವರ ಕೇಳಿದರೆ, ಎರಡನೆಯದು ಎಳೆದಿದ್ದರೆ, ಅದು ಕೊಂಬಿನ ಗೂಬೆ. ಹದ್ದಿಗಿಂತ ತುಸು ಚಿಕ್ಕದು, ಆದರೆ ದಪ್ಪ ಮೈ. ಬಂಡೆಯ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತಾಗ ಎರಡು ಕೊಂಬು ಸ್ಪಷ್ಟವಾಗಿ ಕಾಣುತ್ತವೆ. ಕೊಂಬಲ್ಲ, ಕಿವಿಯೂ ಅಲ್ಲ, ಗರಿಯ ಜುಟ್ಟು ಅಷ್ಟೆ. ಕಿತ್ತಳೆ ಬಣ್ಣದ ಕಣ್ಣು. ಬಂಡೆಯ ಸಂದಿನ ನೆಲದ ಮೇಲೇ ಮೊಟ್ಟೆಯಿಡುವುದರಿಂದ ದನ ಕಾಯುವ ಹುಡುಗರಿಗೆ, ಕಲ್ಲು ಒಡೆಯುವವರಿಗೆ ಬೇಗ ಸಿಕ್ಕಿಬಿಡುತ್ತದೆ, ಪಾಪ.

ಶ್ರೀನಿವಾಸಪುರದ ಸೋದರಿಯರಿಗೆ ಬೇರೆ ಭಾಗ್ಯ. ಹಳೆಯ ಮಾವಿನ ತೋಪು, ಹುಣಿಸೆ ಮರಗಳನ್ನು ಇಷ್ಟಪಡುವ ಗೂಬೆಯೊಂದಿದೆ. ನಾನು ಅದನ್ನು ತೋಪಿನ ಗೂಬೆ ಅನ್ನುತ್ತೇನೆ. ಕೊಂಬಿಲ್ಲ, ಕಣ್ಣು ಕಪ್ಪು, ಮೈಮೇಲೆ ಮರದ ತೊಗಟೆಯಂತೆ ಅಲೆಅಲೆ ಬರಹ. ಹಗಲು ಕೊಂಬೆಗಂಟಿ ಕೂತರೆ ಮಾವು ಕೀಳುವ ಆಳಿಗೂ ಕಾಣದು. ಕೂಗು ಮಾತ್ರ ಎದೆ ಝಲ್ಲೆನ್ನಿಸುವಂಥದ್ದು: ಚುಹುವಾ-ಆ-ಆ ಎಂದು ನಡುಗುತ್ತಾ ಏರಿ ಇಳಿಯುತ್ತದೆ. ಕಾವಲಿಗೆ ಮಲಗುವವರು ಹೇಳುವ ಮೋಹಿನಿ ಕಥೆಗಳಲ್ಲಿ ಅರ್ಧಕ್ಕೆ ಇದೇ ಕಾರಣ ಅಂತ ನನ್ನ ಊಹೆ. ಅದೇ ತೋಪಿನಲ್ಲಿ ಕಪ್ಪೆಯೊಂದು ಮೆತ್ತಗೆ "ವಟ್?" ಎಂದು ಪ್ರಶ್ನೆ ಕೇಳಿದಂತೆ, ಸ್ವಲ್ಪ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಿದಂತೆ ಸದ್ದು ಬಂದರೆ, ಅದು ಹಾಲಕ್ಕಿಯಷ್ಟೇ ಪುಟ್ಟದಾದ, ತಲೆಗೆ ಜುಟ್ಟಿರುವ ಇನ್ನೊಂದು ಗೂಬೆ. ಅದನ್ನು ಕಣ್ಣಿಂದ ಕಂಡೆನೆಂದರೆ ನೀವು ಪುಣ್ಯವಂತರು. ಗೋಲಿ ನೆಲಕ್ಕೆ ಬಿದ್ದು ಪುಟಿಯುತ್ತಾ ಹೋದಂತೆ ಚುಕ್-ಚುಕ್-ಚುಕ್-ರ್‌ರ್ ಎಂದರೆ ಗೂಬೆಯೇ ಅಲ್ಲ, ಅದು ದಾರಿಯ ಮೇಲೆ ಕೂರುವ ನತ್ತಿಂಗ.

ಮಾಲೂರಿನವರು ನಮ್ಮೂರಲ್ಲಿ ಬರೀ ನೀಲಗಿರಿ ಅಂತ ಬೇಸರಪಡುವುದು ನ್ಯಾಯವೇ. ನೆಟ್ಟು ಕೆಲವೇ ವರ್ಷಕ್ಕೆ ಕಡಿಯುವ ನೀಲಗಿರಿಯಲ್ಲಿ ಪೊಟರೆ ಎಲ್ಲಿಂದ ಬರಬೇಕು? ಆದರೆ ಕೆಲಸ ನಿಂತ ಹೆಂಚಿನ ಕಾರ್ಖಾನೆಯ ಪಾಳು ಗೋಡೆ, ಊರ ಗುಡಿಯ ಗೋಪುರ, ದೇವಸ್ಥಾನದ ಮುಂದಿನ ಅರಳಿಮರ ಇವನ್ನು ನೋಡಿ. ಗೋಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿ ಗೆರೆಗಳು ಇಳಿದಿದ್ದರೆ ಮೇಲೆ ಯಾರೋ ಬಾಡಿಗೆಗಿದ್ದಾರೆ. ಹಗಲಲ್ಲಿ ಗೂಬೆ ಹುಡುಕಲು ಇನ್ನೊಂದು ಉಪಾಯ ಕಾಗೆಗಳು. ಪಂಚತಂತ್ರದ ಕಾಗೆ-ಗೂಬೆಗಳ ವೈರದ ಕಥೆ ಮಕ್ಕಳಿಗೆ ಹೇಳಿರುತ್ತೀರಿ. ಕಥೆ ಸುಳ್ಳಲ್ಲ. ಕಾಗೆ, ಗೊರವಂಕಗಳೆಲ್ಲ ಒಂದೇ ಕೊಂಬೆಯ ಸುತ್ತ ಸೇರಿ ಬೊಬ್ಬೆ ಹಾಕುತ್ತಿದ್ದರೆ ನಡುವೆ ಗೂಬೆ ಕಣ್ಣು ಮುಚ್ಚಿ ಕೂತಿರುವುದು ಎಷ್ಟೋ ಸಲ ನಿಜ.

ಈಗ ಆ ಬಿಟ್ಟಿ ಹಿಡಿಯುವವನ ವಿಷಯ. ಗೂಬೆ ಹಿಡಿಯುವವರು ಬಿಟ್ಟಿ ಕೆಲಸ ಮಾಡುವವರಲ್ಲ. ಮಾಟ, ವಶೀಕರಣ, ನಿಧಿ ಶೋಧ ಅಂತ ಅಮಾವಾಸ್ಯೆಯ ರಾತ್ರಿ, ಅದರಲ್ಲೂ ದೀಪಾವಳಿ ಅಮಾವಾಸ್ಯೆಗೆ, ಗೂಬೆ ಬಲಿ ಕೊಡುವವರು ನಮ್ಮ ದೇಶದಲ್ಲಿ ಇನ್ನೂ ಇದ್ದಾರೆ. ಲಕ್ಷ್ಮಿಯನ್ನು ಕರೆಯುವ ರಾತ್ರಿಯೇ ಅವಳ ವಾಹನದ ಕತ್ತು ಮುರಿಯುವುದು! 2010ರಲ್ಲಿ ಟ್ರಾಫಿಕ್ ಇಂಡಿಯಾ ಸಂಸ್ಥೆ ಈ ಕಳ್ಳವ್ಯಾಪಾರದ ಬಗ್ಗೆ ಒಂದು ವರದಿ ತಂದಿತು. ಅಬ್ರಾರ್ ಅಹಮದ್ ಎಂಬ ಪಕ್ಷಿತಜ್ಞರು ಪೇಟೆಪೇಟೆ ಸುತ್ತಿ ಮಾಡಿದ ಕೆಲಸ ಅದು. ನಮ್ಮ ದೇಶದಲ್ಲಿರುವ ಸುಮಾರು 30 ಬಗೆಯ ಗೂಬೆಗಳಲ್ಲಿ 15 ಬಗೆ ಮಾರಾಟದಲ್ಲಿ ಸಿಕ್ಕವು. ದೂರದ ಮಾತೇಕೆ, 2018ರ ನವೆಂಬರಿನಲ್ಲಿ ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ಸೇಡಂ ಕಡೆ ಕೊಂಬಿನ ಗೂಬೆಗಳನ್ನು ಮಾರಲು ಹೊರಟವರು ಸಿಕ್ಕಿಬಿದ್ದರು. ಆಗ ತೆಲಂಗಾಣದಲ್ಲಿ ಚುನಾವಣೆಯ ಕಾಲ. ಎದುರಾಳಿಗೆ ಮಾಟ ಮಾಡಿಸಲು ಅಲ್ಲಿಂದ ಬೇಡಿಕೆ ಬಂದಿತ್ತೆಂದು ಸುದ್ದಿಯಾಯಿತು. ಓಟಿಗೂ ಗೂಬೆಗೂ ಏನು ಸಂಬಂಧವೋ ನಾನರಿಯೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆ ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಹಿಡಿಯಲು ಮನೆಯೊಳಗೆ ಬಿಟ್ಟುಕೊಂಡವರೂ ಠಾಣೆಗೆ ಅಲೆಯಬೇಕಾದೀತು. ಆತ ಮತ್ತೆ ಬಂದರೆ, "ಅರಣ್ಯ ಇಲಾಖೆಯವರಿಗೆ ಹೇಳಿದ್ದೀವಿ, ಅವರೇ ಬರ್ತಾರೆ" ಎಂದು ಒಂದೇ ಮಾತು ಹೇಳಿ ಬಾಗಿಲು ಹಾಕಿ. ನಿಜವಾಗಿಯೂ ಹೇಳಿ ಕೂಡ. ಇಲಾಖೆಯ ಸಹಾಯವಾಣಿ 1926.

ನೋಡಲು ಹೊರಟವರಿಗೂ ಒಂದೆರಡು ಮಾತಿದೆ. ಮೊಬೈಲಿನ ಟಾರ್ಚನ್ನು ಹಕ್ಕಿಯ ಕಣ್ಣಿಗೆ ಬಿಡಬೇಡಿ. ಬೆಳಕು ನಿಮ್ಮ ಕಾಲ ಬುಡಕ್ಕಿರಲಿ, ಹಾವು ಚೇಳು ನೋಡಿಕೊಳ್ಳಲು. ಹಕ್ಕಿಯನ್ನು ನೋಡಲೇಬೇಕೆಂದರೆ ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿ, ಒಂದು ಕ್ಷಣ ತೋರಿಸಿ ಆರಿಸಿ. ಮಕ್ಕಳು ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿ ಕರೆಯಲು ಹೊರಟರೆ ತಡೆಯಿರಿ. ಬೇರೆ ಗೂಬೆ ತನ್ನ ಜಾಗಕ್ಕೆ ನುಗ್ಗಿತೆಂದು ಅದು ಮೊಟ್ಟೆ ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಪುಸ್ತಕ ಬೇಕೆಂದವರು ಲೈಬ್ರರಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಕೇಳಿ ನೋಡಿ.

ಮರಿ ಕೆಳಗೆ ಬಿದ್ದು ಸಿಕ್ಕರೆ ಹಾಲು, ಬ್ರೆಡ್ಡು, ಅನ್ನ ಏನನ್ನೂ ಬಾಯಿಗೆ ತುರುಕಬೇಡಿ, ನೀರನ್ನೂ ಹನಿಸಬೇಡಿ. ರಟ್ಟಿನ ಪೆಟ್ಟಿಗೆಗೆ ಹಳೆಯ ಬಟ್ಟೆ ಹಾಸಿ, ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿ (ಉಗುರು ಚೂಪು, ಜೋಕೆ), ಕತ್ತಲು ಮೂಲೆಯಲ್ಲಿ ಬೆಕ್ಕು ನಾಯಿಗೆ ಸಿಗದ ಹಾಗೆ ಇಡಿ. ಗಾಯವಿಲ್ಲದಿದ್ದರೆ ಸಂಜೆ ಅದೇ ಪೊಟರೆಗೋ ಹತ್ತಿರದ ಕವಲಿಗೋ ಏರಿಸಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು, ಮರಿ ಕೂಗಿದರೆ ಬಂದು ಉಣಿಸುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ, ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡಿದ್ದರೆ ನೀವೇ ಎಳೆಯಲು ಹೋಗದೆ ಇಲಾಖೆಯವರನ್ನೋ ದನದ ಡಾಕ್ಟರನ್ನೋ ಕರೆಸಿ.

ನಿಮ್ಮೂರಿನ ಗೂಬೆಯ ಬಗ್ಗೆ ನನಗೆ ಬರೆಯುವವರು ಸುಮ್ಮನೆ "ಗೂಬೆ ಕಂಡೆ" ಎಂದು ಬರೆಯಬೇಡಿ. ಯಾವ ಊರು, ಯಾವ ಮರ ಅಥವಾ ಗೋಡೆ, ಎಷ್ಟು ಹೊತ್ತಿಗೆ, ಕೂಗಿದ್ದು ಹೇಗೆ, ಕಣ್ಣು ಹಳದಿಯೋ ಕಪ್ಪೋ, ತಲೆಗೆ ಜುಟ್ಟಿತ್ತೋ ಇಲ್ಲವೋ, ಇಷ್ಟು ಬರೆಯಿರಿ. ಬೇಟೆಗಾರರ ಕೈಗೆ ಸಿಗಬಾರದೆಂದು ಗೂಡಿನ ಜಾಗ ಮಾತ್ರ ಅಚ್ಚು ಹಾಕಿಸುವುದಿಲ್ಲ. ಮುಳಬಾಗಿಲಿನ ತಂಗಿಯೂ, ಅತ್ತೆಯವರು ಎಷ್ಟು ಇಲಿ ಎಣಿಸಿದರೆಂದು ಒಂದು ಸಾಲು ಬರೆದು ತಿಳಿಸಲಿ.